ಕಡಲಿನ ಜೀವಕ್ಕೆ ಕಾವೇರಿಯ ಸೀಮೆಯಲ್ಲಿ ಊಟವೇನು?



ಈ ಅಂಕಣಕ್ಕೆ ಬರುವ ಪತ್ರಗಳು ಬಹುಮಟ್ಟಿಗೆ ಮಕ್ಕಳ ವಿದ್ಯಾಭ್ಯಾಸ, ಹಿರಿಯರ ಆರೋಗ್ಯ, ಮನೆಯ ಖರ್ಚುವೆಚ್ಚ, ಹಿತ್ತಿಲಿನ ಗಿಡಮರ ಇವುಗಳನ್ನು ಕುರಿತವು. ಆದರೆ ಕಳೆದ ಶ್ರಾವಣದಲ್ಲಿ ಪಾಂಡವಪುರದ ತಾಯಿಯೊಬ್ಬರು ಬರೆದ ಪತ್ರವನ್ನು ನಾವು ಎರಡು ಸಲ ಓದಬೇಕಾಯಿತು. ಅವರು ಬರೆದಿದ್ದುದು ಇಷ್ಟೇ: ನಮ್ಮ ಮನೆಯ ಗಾಜಿನ ತೊಟ್ಟಿಗೆ ಸಮುದ್ರದ ಒಂದು ಹುಳು ಬಂದಿದೆ. ಬಂದಾಗ ವೀಳ್ಯದೆಲೆಯಂತೆ ಹಸಿರಾಗಿತ್ತು, ಈಗ ಹದಿನೈದು ದಿನಗಳಿಂದ ಬಿಳಿಚಿಕೊಳ್ಳುತ್ತಾ ಕುಗ್ಗುತ್ತಿದೆ. ಅಂಗಡಿಯವನು ಇದಕ್ಕೆ ಊಟ ಬೇಡವೆಂದನಂತೆ. ಊಟ ಬೇಡದ ಜೀವ ಯಾವುದು? ನಾವು ಅರಿಯದೆ ಅದನ್ನು ಹಸಿವಿನಿಂದ ಕೊಲ್ಲುತ್ತಿದ್ದೇವೆಯೇ? ತಿಳಿದವರನ್ನು ಕೇಳಿ ಬರೆಯಿರಿ.

ಸಮುದ್ರ ಎಲ್ಲಿ, ಪಾಂಡವಪುರ ಎಲ್ಲಿ! ಮೈಸೂರಿನಿಂದ ಮಂಗಳೂರಿಗೇ ಸುಮಾರು 250 ಕಿಲೋಮೀಟರು ದಾರಿ. ಆದರೂ ಆ ತಾಯಿಯ ಪ್ರಶ್ನೆಯನ್ನು ಹಗುರವಾಗಿ ಕಾಣಲು ನಮ್ಮಿಂದಾಗಲಿಲ್ಲ. ಮರುವಾರ ಶ್ರೀರಂಗಪಟ್ಟಣದಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗಬೇಕಾಗಿದ್ದಿತು. ಅದನ್ನು ಮುಗಿಸಿಕೊಂಡು, ನಾಲೆಯ ಪಕ್ಕದ ಗದ್ದೆ ಕಬ್ಬಿನ ನಡುವಣ ರಸ್ತೆ ಹಿಡಿದು ಪಾಂಡವಪುರ ಸೇರಿದೆವು.

ಮನೆಯ ನಡುಮನೆಯಲ್ಲಿ, ದೇವರ ಕೋಣೆಯ ಎದುರು ಗೋಡೆಗೆ, ಸುಮಾರು 150 ಲೀಟರು ನೀರು ಹಿಡಿಯುವ ತೊಟ್ಟಿ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗ, ರಜೆಗೆ ಬಂದಾಗ ತನ್ನ ಮಗನ ಆಸೆಗೆಂದು ಇದನ್ನು ಇಟ್ಟುಹೋಗಿದ್ದಾನೆ. ಮೊಮ್ಮಗ ಇಲ್ಲೇ ಅಜ್ಜಿಯ ಬಳಿ ಓದುತ್ತಿರುವ ಹುಡುಗ, ಏಳನೆಯ ತರಗತಿ. ತೊಟ್ಟಿಯೊಳಗೆ ಎರಡು ಸಣ್ಣ ಮೀನು, ಒಂದಿಷ್ಟು ಕಲ್ಲು, ಒಂದು ಮೂಲೆಯಲ್ಲಿ ಗಾಜಿಗೆ ಅಂಟಿಕೊಂಡು ಆ ಜೀವ. ಅಂಚಿನಲ್ಲಿ ಸೀರೆಯ ನೆರಿಗೆಯಂತೆ ಮಡಿಕೆಗಳು. ಮುಂದೆ ಎರಡು ಪುಟ್ಟ ಕೋಡುಗಳು. ಬಣ್ಣ ಮಾತ್ರ ಹಣ್ಣಾದ ಎಲೆಯದು.

‘ನೋಡಿ ಸ್ವಾಮಿ, ಮನೆಗೆ ಬಂದದ್ದು ಹಸ್ಕೊಂಡು ಕೂತದೆ. ಪಾಲಕ್ ಸೊಪ್ಪು ಹಾಕಿದೆ, ಮೂಸಲಿಲ್ಲ. ಕಡ್ಲೆಪುರಿ ಹಾಕಿದೆ, ಮೀನು ತಿಂದವು, ಇದು ತಿನ್ನಲಿಲ್ಲ’ ಎಂದರು ಅಜ್ಜಿ. ಹೊಳೆಯ ಸೋಪಾನದಲ್ಲಿ ನಿಂತು ಮೀನುಗಳಿಗೆ ಪುರಿ ಎರಚಿ ಬೆಳೆದ ಕೈ ಅದು. ಹಾಕಿದ್ದನ್ನು ತಿನ್ನದ ಜೀವವನ್ನು ಅವರು ಮೊದಲ ಸಲ ಕಾಣುತ್ತಿದ್ದರು.

ಹುಡುಗನು ಮಾತಾಡಲಿಲ್ಲ. ತೊಟ್ಟಿಯ ಪಕ್ಕದಲ್ಲಿ ಒಂದು ನೋಟುಪುಸ್ತಕವಿತ್ತು. ಪ್ರತಿದಿನವೂ ಸ್ಕೇಲನ್ನು ಗಾಜಿನ ಹೊರಗಿಟ್ಟು ಅದರ ಉದ್ದವನ್ನು ಬರೆದಿಟ್ಟಿದ್ದಾನೆ. ಮೊದಲ ದಿನ 4 ಸೆಂಟಿಮೀಟರು, ನಾವು ಹೋದ ದಿನ ಎರಡೂವರೆ.

ನಮಗೆ ಈ ವಿಷಯದಲ್ಲಿ ಹೆಚ್ಚಿನ ಜ್ಞಾನವಿರಲಿಲ್ಲವೆಂದು ಒಪ್ಪಿಕೊಳ್ಳುತ್ತೇವೆ. ಊರಿಗೆ ಮರಳಿ ಪ್ರಾಣಿಶಾಸ್ತ್ರದ ಅಧ್ಯಾಪಕರೊಬ್ಬರನ್ನು, ಉಪ್ಪುನೀರಿನ ತೊಟ್ಟಿಗಳನ್ನು ವರ್ಷಗಳಿಂದ ಸಾಕಿದ ಮೈಸೂರಿನ ಮಿತ್ರರೊಬ್ಬರನ್ನು ಕೇಳಿ, ಕೆಲವು ಪುಸ್ತಕಗಳನ್ನೂ ನೋಡಿ ತಿಳಿದುದನ್ನು ಇಲ್ಲಿ ಬರೆಯುತ್ತಿದ್ದೇವೆ. ಅಲಂಕಾರದ ತೊಟ್ಟಿಗಳು ಈಗ ತಾಲ್ಲೂಕು ಕೇಂದ್ರಗಳ ಮನೆಗಳಿಗೂ ಬಂದಿರುವುದರಿಂದ ಇದು ಒಂದೇ ಮನೆಯ ಸಂಗತಿಯಾಗಿ ಉಳಿದಿಲ್ಲ.

ಮಳೆಗಾಲದಲ್ಲಿ ನಮ್ಮ ಹಿತ್ತಿಲಿನ ಕಲ್ಲು ಗೋಡೆ ಹತ್ತುವ ಬಸವನಹುಳುವನ್ನು ಎಲ್ಲರೂ ಬಲ್ಲರು. ತಲೆಯ ಮೇಲಣ ಕೋಡುಗಳನ್ನು ಕಂಡೇ ಹಿರಿಯರು ಅದಕ್ಕೆ ಬಸವನ ಹೆಸರನ್ನಿಟ್ಟರೆಂದು ತೋರುತ್ತದೆ. ಅದರ ಕಡಲಿನ ಬಂಧುಗಳಲ್ಲಿ ಚಿಪ್ಪನ್ನು ತೊರೆದ ಒಂದು ದೊಡ್ಡ ಬಳಗವಿದೆ. ಮೊಟ್ಟೆಯೊಡೆದು ಬಂದ ಮರಿಗೆ ಪುಟ್ಟ ಚಿಪ್ಪಿರುತ್ತದೆ. ಬೆಳೆಯುತ್ತಾ ಬಹುಪಾಲು ಜಾತಿಗಳು ಅದನ್ನು ಕಳಚಿಬಿಡುತ್ತವೆ. ಚಿಪ್ಪಿಲ್ಲದ ಮೆತ್ತನೆಯ ಮೈಯನ್ನು ಕಾಪಾಡಿಕೊಳ್ಳಲು ಕೆಲವಕ್ಕೆ ವಿಷವಿದೆ, ಕೆಲವಕ್ಕೆ ಕಣ್ಣು ಕೋರೈಸುವ ಬಣ್ಣವಿದೆ, ಕಡಲ ಮೊಲವೆಂದು ಕರೆಯುವ ಜಾತಿಗೆ ನೇರಳೆ ಶಾಯಿಯಿದೆ. ಇವುಗಳ ಕಣ್ಣಿಗೆ ಬೆಳಕು ಕತ್ತಲೆಗಳ ಭೇದಕ್ಕಿಂತ ಹೆಚ್ಚಿನದು ಕಾಣುವುದು ಅಪರೂಪ. ಕೋಡುಗಳಿಂದ ನೀರಿನ ವಾಸನೆ ಹಿಡಿದು ಆಹಾರವನ್ನು ಹುಡುಕುತ್ತವೆ. ಪಾಲಕ್ ಸೊಪ್ಪನ್ನು ಅದು ಮೂಸಲಿಲ್ಲವೆಂದು ಅಜ್ಜಿ ಹೇಳಿದ್ದು ತಪ್ಪು, ಮೂಸಿಯೇ ಬಿಟ್ಟಿರಬೇಕು.

ಇವುಗಳ ಊಟದ ವ್ರತವೇ ಎಲ್ಲ ತೊಂದರೆಗೂ ಮೂಲ. ಆಡು ಮುಟ್ಟದ ಸೊಪ್ಪಿಲ್ಲವೆಂಬ ಮಾತು ನಮ್ಮಲ್ಲುಂಟು. ಈ ಜೀವಗಳು ಅದಕ್ಕೆ ತದ್ವಿರುದ್ಧ. ಹೊರಗೆ ಕಿವಿರಿರುವ ಬಣ್ಣಬಣ್ಣದ ಬಳಗದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜಾತಿಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಅವೆಲ್ಲವೂ ಮಾಂಸಾಹಾರಿಗಳು. ಅಷ್ಟು ಮಾತ್ರವಲ್ಲ, ಒಂದು ಜಾತಿಗೆ ಒಂದು ಬಗೆಯ ಸ್ಪಂಜು ಪ್ರಾಣಿಯೇ ಬೇಕು, ಇನ್ನೊಂದಕ್ಕೆ ಒಂದು ಬಗೆಯ ಕಡಲ ಹೂವೇ ಬೇಕು. ಹೂವೆಂದರೆ ಹೂವಲ್ಲ, ಬಂಡೆಗೆ ಅಂಟಿ ಬದುಕುವ, ಕುಟುಕುವ ಪ್ರಾಣಿ ಅದು. ಬೇಕಾದ ಆ ಒಂದು ಆಹಾರ ಸಿಗದಿದ್ದರೆ ಪಕ್ಕದಲ್ಲಿ ಬೇರೆ ಹತ್ತು ಇದ್ದರೂ ಮುಟ್ಟದೆ ಸಾಯುತ್ತವೆ. ಕುಟುಕುವ ಪ್ರಾಣಿಯನ್ನು ತಿಂದ ಕೆಲವು ಜಾತಿಗಳು ಅದರ ವಿಷದ ಮುಳ್ಳುಗಳನ್ನು ಜೀರ್ಣಿಸಿಕೊಳ್ಳದೆ ತಮ್ಮ ಬೆನ್ನಿನ ಕುಚ್ಚುಗಳ ತುದಿಗೆ ಸಾಗಿಸಿ, ತಮ್ಮದೇ ಆಯುಧವೆಂಬಂತೆ ಬಳಸುತ್ತವೆಯೆಂದರೆ ನಂಬುವುದು ಕಷ್ಟ. ಆದರೆ ಅದು ನಿಜ.

ಪಾಂಡವಪುರದ್ದು ಆ ಬಳಗದ್ದಲ್ಲ. ಅದು ಸಸ್ಯಾಹಾರಿ. ಇದನ್ನು ತಿಳಿಸಿದಾಗ ಅಜ್ಜಿಯ ಮುಖದಲ್ಲಿ ಮೂಡಿದ ಸಮಾಧಾನವನ್ನು ನಾವು ಮರೆಯಲಾರೆವು. ಎಲೈಸಿಯಾ ಎಂಬ ಕುಲಕ್ಕೆ ಸೇರಿದ ಈ ಹಸಿರು ಜೀವಗಳು ಕೆಲವು ಬಗೆಯ ಕಡಲಪಾಚಿಗಳಿಗೆ ಹಲ್ಲಿನಿಂದ ರಂಧ್ರ ಕೊರೆದು ಒಳಗಿನ ರಸವನ್ನು ಹೀರುತ್ತವೆ. ರಸದ ಜೊತೆ ಬಂದ ಪತ್ರಹರಿತ್ತಿನ ಕಣಗಳನ್ನು ಒಡೆಯದೆ ಮೈಯೊಳಗೆ ಹರಡಿಕೊಳ್ಳುತ್ತವೆ. ಹಸಿರು ಬಣ್ಣ ಬರುವುದು ಹಾಗೆ. ಆ ಕಣಗಳು ಮೈಯೊಳಗೂ ಬೆಳಕನ್ನು ಹಿಡಿದು ಕೆಲಸ ಮಾಡುತ್ತಿರುತ್ತವೆ. ಅಮೆರಿಕದ ಪೂರ್ವ ಕರಾವಳಿಯ ಒಂದು ಜಾತಿಯು ಒಮ್ಮೆ ಹೊಟ್ಟೆ ತುಂಬಿಸಿಕೊಂಡರೆ ಒಂಬತ್ತು ಹತ್ತು ತಿಂಗಳು ಆಹಾರವಿಲ್ಲದೆ ಬದುಕಿದ್ದುಂಟು. ‘ಊಟ ಬೇಡ, ಬೆಳಕು ಸಾಕು’ ಎಂಬ ಅಂಗಡಿಯ ಮಾತು ಹುಟ್ಟಿದ್ದು ಇಲ್ಲಿಂದಲೇ ಇರಬೇಕು. ಆದರೆ ಅದು ಆ ಒಂದು ಜಾತಿಯ ಮಾತು. ಇತರ ಹಲವು ಜಾತಿಗಳಲ್ಲಿ ಈ ಕಣಗಳು ಬೇಗ ಬಾಡುತ್ತವೆ. ಮೇಲಾಗಿ, 2014ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಸಂಶೋಧನೆಯಲ್ಲಿ ಎರಡು ಜಾತಿಗಳು ಕತ್ತಲಲ್ಲಿಯೂ ತಿಂಗಳುಗಟ್ಟಲೆ ಬದುಕಿದವು. ಹಾಗಾದರೆ ಅವುಗಳನ್ನು ಉಳಿಸಿದ್ದು ಬೆಳಕೇ ಅಥವಾ ಮೈಯನ್ನೇ ಕರಗಿಸಿಕೊಂಡು ತಿಂದದ್ದೇ ಎಂಬ ವಾದ ಇನ್ನೂ ನಡೆದಿದೆ. ನಮ್ಮ ಹುಡುಗನ ನೋಟುಪುಸ್ತಕದಲ್ಲಿದ್ದ ಲೆಕ್ಕ, ಎರಡನೆಯದರ ಕಡೆಗೇ ಬೆರಳು ತೋರುತ್ತಿತ್ತು. ಮೂಳೆಯಿಲ್ಲದ ಜೀವ ಹಸಿದಾಗ ಬಡಕಲಾಗುವುದಿಲ್ಲ, ಚಿಕ್ಕದಾಗುತ್ತದೆ. ಮನೆಯವರಿಗೆ ಅದು ಹಸಿದಿದೆಯೆಂದು ತಿಳಿಯದಿರಲು ಇದೇ ಕಾರಣ.

ಅದಕ್ಕೆ ಬೇಕಾದ ಪಾಚಿ ಯಾವುದು? ಗಾಜಿನ ಮೇಲೆ ಕಟ್ಟುವ ಸಾಮಾನ್ಯ ಪಾಚಿಯಲ್ಲ. ಬ್ರಯೋಪ್ಸಿಸ್ ಎಂಬ, ಹಕ್ಕಿಯ ಪುಕ್ಕದಂತೆ ಕವಲೊಡೆಯುವ ಹಸಿರು ಪಾಚಿ ಇಂಥವುಗಳಿಗೆ ಬಲು ಇಷ್ಟ. ತಮಾಷೆಯೆಂದರೆ, ಉಪ್ಪುನೀರಿನ ತೊಟ್ಟಿ ಸಾಕುವವರೆಲ್ಲ ಇದನ್ನು ಕಳೆಯೆಂದು ಶಪಿಸಿ ಕಿತ್ತೆಸೆಯುವವರೇ. ಮೈಸೂರಿನ ಮಿತ್ರರು, ‘ಎಷ್ಟು ಬೇಕು ಹೇಳಿ, ಒಂದು ಬಕೆಟ್ಟು ಕೊಡುತ್ತೇನೆ’ ಎಂದು ನಕ್ಕರು.

ಪಾಚಿಯನ್ನು ಕೊಂಡೊಯ್ದ ದಿನ ಇನ್ನೊಂದು ಸಂಗತಿ ಬೆಳಕಿಗೆ ಬಂತು. ತೊಟ್ಟಿಯ ನೀರನ್ನು ಬದಲಿಸುವ ಕೆಲಸ ಅಜ್ಜಿಯದು. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ 20 ಲೀಟರಿನ ಕ್ಯಾನಿನಲ್ಲಿ ನೀರು ತರಿಸಿ, ಅಳತೆಯ ಉಪ್ಪನ್ನು ಕದಡಿ, ಒಂದು ರಾತ್ರಿ ಇಟ್ಟು, ಬೆಳಿಗ್ಗೆ ಸುರಿಯುತ್ತಿದ್ದರು. ಎಲ್ಲವೂ ಸರಿಯೇ. ಆದರೆ ಕದಡುತ್ತಿದ್ದುದು ಯಾವುದರಲ್ಲಿ? ನಾಗಮಂಗಲದ ತವರಿನಿಂದ ಮದುವೆಯಲ್ಲಿ ಬಂದ ಹಿತ್ತಾಳೆಯ ಕೊಳಗದಲ್ಲಿ. ನಾಗಮಂಗಲದ ಹಿತ್ತಾಳೆಯ ಹೆಸರು ಎಲ್ಲರಿಗೂ ಗೊತ್ತು, ಅವರು ಅದನ್ನು ಶ್ರೇಷ್ಠವೆಂದೇ ಆರಿಸಿದ್ದು. ಹಿತ್ತಾಳೆಯಲ್ಲಿ ತಾಮ್ರವಿದೆ, ಉಪ್ಪುನೀರು ರಾತ್ರಿಯಿಡೀ ನಿಂತರೆ ಅದು ಕರಗಿ ನೀರಿಗಿಳಿಯುತ್ತದೆ. ಮೀನು ತಡೆದುಕೊಳ್ಳುವಷ್ಟು ತಾಮ್ರವೂ ಚಿಪ್ಪಿನ ಜಾತಿಯ ಜೀವಗಳಿಗೆ ಪ್ರಾಣಾಂತಕ. ಮೀನಿನ ಬಿಳಿಚುಕ್ಕೆ ರೋಗಕ್ಕೆ ಅಂಗಡಿಯಲ್ಲಿ ಕೊಡುವ ಔಷಧಗಳಲ್ಲಿಯೂ ತಾಮ್ರವಿರುವುದುಂಟು, ಅವನ್ನು ಇಂಥ ತೊಟ್ಟಿಗೆ ಹಾಕಲೇಬಾರದು.

ಇದನ್ನು ಹೇಳಲು ನಮಗೆ ನಾಲಿಗೆ ಬರಲಿಲ್ಲ. ಕಡೆಗೆ ಹೇಳಿದೆವು. ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು, ‘ಅಂದ್ರೆ ಅರ್ಧ ಹಸಿವು, ಅರ್ಧ ನನ್ ಕೊಳಗ’ ಎಂದರು. ಹುಡುಗ ಅಜ್ಜಿಯ ಕೈ ಹಿಡಿದುಕೊಂಡು, ‘ಅಜ್ಜಿ, ಪ್ಲಾಸ್ಟಿಕ್ ಬಕೆಟ್ ಐತಲ್ಲ’ ಎಂದನು. ಹಳೆಯ ನೀರನ್ನು ಅಂದೇ ಮೂರರಲ್ಲೊಂದು ಪಾಲು ತೆಗೆದು, ಹೊಸದನ್ನು ಬಕೆಟ್ಟಿನಲ್ಲಿ ಕದಡಿ ಹಾಕಿದರು. ಹಾಕುವಾಗ ಒಂದೇ ಸಲಕ್ಕೆ ಸುರಿಯದೆ ಸಣ್ಣ ನಳಿಕೆಯಲ್ಲಿ ಹನಿಹನಿಯಾಗಿ ಇಳಿಸಿದರು. ಈ ಜೀವಗಳ ಮೈಯೊಳಗಣ ಉಪ್ಪು ಹೊರಗಿನ ನೀರಿನ ಉಪ್ಪಿನೊಡನೆ ಏರಿಳಿಯುವುದರಿಂದ ಹಠಾತ್ ಬದಲಾವಣೆಯನ್ನು ಅವು ತಾಳಲಾರವು.

ಪಾಚಿಯ ಗೊಂಚಲನ್ನು ಕಲ್ಲಿಗೆ ದಾರದಿಂದ ಕಟ್ಟಿ ಬಿಟ್ಟೆವು. ಅರ್ಧ ಗಂಟೆಯವರೆಗೆ ಏನೂ ಆಗಲಿಲ್ಲ. ಅನಂತರ ಕೋಡುಗಳು ಎದ್ದವು. ಅದು ಗಾಜನ್ನು ಬಿಟ್ಟು, ಮರಳನ್ನು ದಾಟಿ, ಗೊಂಚಲಿನ ಬುಡಕ್ಕೆ ಬಂದು ತಲೆ ಹುದುಗಿಸಿತು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾವೂ ಒಂದಿಷ್ಟು ಹೊತ್ತು ಏನನ್ನೂ ಮಾತಾಡಲಿಲ್ಲ.

ಕೃಷ್ಣರಾಜಪೇಟೆಯ ಕಥೆ ಹೀಗಾಗಲಿಲ್ಲ. ಅಜ್ಜಿಯ ಮಗಳನ್ನು ಕೊಟ್ಟಿರುವುದು ಅಲ್ಲಿಗೆ. ಬೆಂಗಳೂರಿನ ಅಣ್ಣ ತಂಗಿಯ ಮನೆಗೂ ಒಂದು ಸಣ್ಣ ತೊಟ್ಟಿ, ಅದೇ ಬಗೆಯ ಕಲ್ಲುಗಳನ್ನು ಕೊಟ್ಟಿದ್ದನು. ಕಲ್ಲಿನ ಸಂದಿಯಿಂದ ಒಂದು ರಾತ್ರಿ, ನೀಲಿ ಅಂಚಿನ ಬಿಳಿಯ ಜೀವವೊಂದು ಹೊರಬಂತಂತೆ. ಮನೆಮಂದಿಯೆಲ್ಲ ದೀಪ ಹಿಡಿದು ನೋಡಿದರು. ನೆರೆಯವರು ಬಂದು ನೋಡಿದರು. ಕಲ್ಲಿನ ಮೇಲಿದ್ದ ಒಂದು ಚೂರು ಸ್ಪಂಜನ್ನು ಅದು ನಾಲ್ಕು ದಿನಗಳಲ್ಲಿ ಮುಗಿಸಿತು. ಐದನೆಯ ದಿನದಿಂದ ತೊಟ್ಟಿಯ ಗೋಡೆಯನ್ನೇ ಸುತ್ತುತ್ತಿದ್ದುದು ಒಂದು ಬೆಳಿಗ್ಗೆ ಕಾಣಲಿಲ್ಲ. ನೀರೆಳೆಯುವ ಪಂಪಿನ ಬಾಯಿಯಲ್ಲಿ ಸಿಕ್ಕಿತ್ತು. ಪಂಪಿನ ಬಾಯಿಗೆ ಸ್ಪಂಜಿನ ತುಂಡನ್ನು ಕಟ್ಟಿದ್ದರೆ ಹೀಗೆ ಸಾಯುತ್ತಿರಲಿಲ್ಲ, ಕೆಲವು ದಿನ ತಡವಾಗಿ ಹಸಿವಿನಿಂದ ಸಾಯುತ್ತಿತ್ತು. ಕೆಲವು ಜಾತಿಗಳು ಸತ್ತಾಗ ಮೈಯಲ್ಲಿನ ವಿಷ ನೀರಿಗಿಳಿದು ಜೊತೆಯ ಮೀನುಗಳೂ ಸಾಯುವುದುಂಟು. ಅಲ್ಲಿ ಮೀನು ಉಳಿದದ್ದು ಪುಣ್ಯ.

ಸ್ಪಂಜನ್ನೋ ಹವಳವನ್ನೋ ಕಡಲಿನಿಂದ ತರಿಸಿ ಹಾಕಬಹುದಲ್ಲವೇ ಎಂದು ಕೇಳುವವರಿದ್ದಾರೆ. ಹವಳವನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ತರಲಾಯಿತು. ಹುಲಿಯನ್ನು ಕಾಪಾಡುವ ಕಾಯಿದೆಯೇ ಅದು. ಹವಳ ಕಿತ್ತು ತರುವುದು, ಮಾರುವುದು ಅಪರಾಧ. ಸಾಕಣೆ ಕೇಂದ್ರಗಳಲ್ಲಿ ಮರಿಮಾಡುವ ಒಂದೆರಡು ಜಾತಿಗಳಿವೆ ನಿಜ. ಬೆರ್ಗಿಯಾ ಎಂಬುದು ತೊಟ್ಟಿಯಲ್ಲಿ ಕಳೆಯಂತೆ ಹಬ್ಬುವ ಒಂದು ಬಗೆಯ ಕುಟುಕುವ ಕಡಲ ಹೂವನ್ನು ತಿಂದು ನಿರ್ಮೂಲ ಮಾಡುವುದೆಂದು ವಿದೇಶಗಳಲ್ಲಿ ಬಹು ಬೇಡಿಕೆ. ಅದು ತಿನ್ನುವುದು ಅದೊಂದನ್ನೇ. ಕಳೆ ಮುಗಿದ ದಿನ ಅದರ ಬದುಕೂ ಮುಗಿಯಿತು, ಇಲ್ಲವೇ ಮನೆಯವರು ಅದಕ್ಕಾಗಿ ಜೀವಂತ ಪ್ರಾಣಿಯನ್ನು ಬೇರೊಂದು ಪಾತ್ರೆಯಲ್ಲಿ ಬೆಳೆಸಿ ದಿನವೂ ಉಣಿಸಬೇಕು. ಮೊಟ್ಟೆಯನ್ನೂ ಒಳಗೆ ತಾರದ ನಮ್ಮ ಮನೆಗಳಲ್ಲಿ ಈ ದಾಸೋಹ ಯಾರಿಗೆ ಒಪ್ಪಿಗೆಯಾದೀತು? ಪ್ರಾಣಿಗೆ ಅದರ ಆಹಾರ ತಿನ್ನುವುದು ಪಾಪವಲ್ಲ. ಆದರೆ ನಾವು ಕೊಡಲಾರದ ಆಹಾರವನ್ನೇ ತಿನ್ನುವ ಅತಿಥಿಯನ್ನು ಹಣ ಕೊಟ್ಟು ಕರೆತರುವುದು ಯಾವ ನ್ಯಾಯವೆಂಬುದು ನಮ್ಮ ಪ್ರಶ್ನೆ.

ಕಡಲ ಮೊಲ ಮಾತ್ರ ಇವೆಲ್ಲಕ್ಕಿಂತ ಸುಲಭದ್ದೆಂದು ತಿಳಿದವರು ಹೇಳುತ್ತಾರೆ. ಅದು ಹಲವು ಬಗೆಯ ಕಡಲಪಾಚಿ ತಿನ್ನುತ್ತದೆ, ಪಾಚಿ ಮುಗಿದರೆ ಜಪಾನೀಯರು ಅನ್ನ ಸುತ್ತಲು ಬಳಸುವ ನೋರಿ ಎಂಬ ಒಣ ಕಡಲಪಾಚಿಯ ಹಾಳೆಯನ್ನು ಕಲ್ಲಿಗೆ ಸಿಕ್ಕಿಸಿ ಕೊಡಬಹುದು. ಆದರೆ ಅದರ ಹಸಿವು ಎಮ್ಮೆಯದು, 150 ಲೀಟರಿನ ತೊಟ್ಟಿಯನ್ನು ಕೆಲವೇ ವಾರಗಳಲ್ಲಿ ಬೋಳಿಸಿಬಿಡುತ್ತದೆ. ಈ ಜಾತಿಯ ನರಮಂಡಲದಲ್ಲಿರುವುದು ಸುಮಾರು 20 ಸಾವಿರ ನರಕೋಶಗಳು. ಅಷ್ಟರಲ್ಲಿಯೇ ಅದು ಕಲಿಯುತ್ತದೆ, ನೊಂದದ್ದನ್ನು ನೆನಪಿಡುತ್ತದೆ ಎಂಬುದನ್ನು ತೋರಿಸಿ ಎರಿಕ್ ಕಾಂಡೆಲ್ ಎಂಬ ವಿಜ್ಞಾನಿ 2000ದಲ್ಲಿ ನೊಬೆಲ್ ಬಹುಮಾನ ಪಡೆದರು. ಹುಳುವಿಗೇನು ತಿಳಿದೀತು ಎನ್ನುವವರಿಗೆ ಇಷ್ಟು ಹೇಳಿದರೆ ಸಾಕು.

ಶ್ರೀರಂಗಪಟ್ಟಣದ ಗೃಹಪ್ರವೇಶದಲ್ಲಿ ಈ ಮಾತು ಬಂದಾಗ ಹಿರಿಯರೊಬ್ಬರು, ‘ಸಾಕಲಾಗದಿದ್ದರೆ ಸಂಗಮದಲ್ಲಿ ಬಿಟ್ಟುಬಿಡಲಿ, ಕಾವೇರಿ ತಾಯಿ ಕಾಯುತ್ತಾಳೆ’ ಎಂದರು. ಅವರ ಭಾವ ದೊಡ್ಡದು, ಆದರೆ ಹಾಗೆ ಮಾಡಕೂಡದು. ಸಿಹಿನೀರಿಗೆ ಬಿದ್ದ ಕಡಲ ಜೀವದ ಮೈಯೊಳಗೆ ನೀರು ನುಗ್ಗಿ, ಅದು ಉಬ್ಬಿ ಸಾಯುತ್ತದೆ. ಬದುಕಬಲ್ಲ ಜೀವವನ್ನು ಬಿಟ್ಟರೆ ಇನ್ನೂ ಕೇಡು. 1847ರಲ್ಲಿ ಮಾರಿಷಸ್ಸಿನಿಂದ ಕಲ್ಕತ್ತೆಗೆ ಒಬ್ಬ ಆಂಗ್ಲನು ತಂದ ಆಫ್ರಿಕದ ದೈತ್ಯ ಬಸವನಹುಳು ಇಂದು ನಮ್ಮ ರೈತರ ತೋಟಗಳನ್ನು ಮೇಯುತ್ತಿದೆ. ತೊಟ್ಟಿ ತಿಕ್ಕಲೆಂದು ತಂದು, ಬೇಸರವಾಗಿ ಹೊರಗೆ ಬಿಟ್ಟ ಹೀರುಬಾಯಿಯ ಮೀನು ದೇಶದ ಹಲವು ಕೆರೆ ನದಿಗಳಲ್ಲಿ ಬಲೆಗಳನ್ನು ಹರಿಯುತ್ತಿದೆ. ತೊಟ್ಟಿಯದನ್ನು ತೊಣ್ಣೂರು ಕೆರೆಗಾಗಲಿ, ಹೇಮಾವತಿಗಾಗಲಿ, ನಾಲೆಗಾಗಲಿ ಸೇರಿಸಬೇಡಿ. ಕೊಂಡ ಅಂಗಡಿಗೋ, ಸಾಕಬಲ್ಲ ಬೇರೊಬ್ಬರಿಗೋ ಹಿಂದಿರುಗಿಸುವುದು ಮೇಲು. ಅಂಗಡಿಯವರು ಒಪ್ಪುವುದು ಅಪರೂಪವೆಂಬುದೂ ನಮಗೆ ತಿಳಿದಿದೆ.

ಈಗಾಗಲೇ ತಂದಿರುವವರಿಗಾಗಿ ಕೆಲವು ಮಾತು. ಒಂದು ಲೀಟರು ನೀರಿಗೆ ಸುಮಾರು 35 ಗ್ರಾಂ ತೊಟ್ಟಿಯ ಉಪ್ಪು, ಅಡುಗೆಯ ಉಪ್ಪಲ್ಲ. ಆವಿಯಾಗಿ ಇಳಿದ ನೀರಿಗೆ ಸಿಹಿನೀರನ್ನೇ ತುಂಬಬೇಕು, ಏಕೆಂದರೆ ಉಪ್ಪು ಆವಿಯಾಗದೆ ಅಲ್ಲೇ ಉಳಿದಿರುತ್ತದೆ. ನೀರಿನ ಶಾಖ 24ರಿಂದ 26 ಡಿಗ್ರಿ ಇದ್ದರೆ ಒಳ್ಳೆಯದು. ನಮ್ಮ ಜಿಲ್ಲೆಯ ಏಪ್ರಿಲ್ ತಿಂಗಳಲ್ಲಿ ಇದು ಸಣ್ಣ ಮಾತಲ್ಲ, ತೊಟ್ಟಿಯ ಮೇಲೆ ಫ್ಯಾನು ಬೀಸಿದರೆ ಒಂದೆರಡು ಡಿಗ್ರಿ ಇಳಿದೀತು. ಕರೆಂಟು ಹೋದಾಗ ಗಾಳಿಯೂದಲು ಬ್ಯಾಟರಿಯ ಪಂಪು ಇರಲಿ. ಬದಲಿಸಿ ತೆಗೆದ ಉಪ್ಪುನೀರನ್ನು ತೆಂಗಿನ ಬುಡಕ್ಕೂ ಹೂಗಿಡಕ್ಕೂ ಸುರಿಯುತ್ತಾ ಹೋದರೆ ಮಣ್ಣು ಕೆಡುತ್ತದೆ, ಬಚ್ಚಲಿಗೆ ಬಿಡಿ.

ಪಾಂಡವಪುರದ ಜೀವ ಮೂರು ವಾರಗಳಲ್ಲಿ ಮತ್ತೆ ಹಸಿರಾಯಿತು. ಹುಡುಗನ ಪುಸ್ತಕದಲ್ಲಿ ಅಳತೆ ನಾಲ್ಕೂವರೆ ಮುಟ್ಟಿತು. ತಿಂಗಳಿಗೆರಡು ಸಲ ಮೈಸೂರಿನಿಂದ ಪಾಚಿ ಬರುತ್ತಿತ್ತು. ಒಂದು ದಿನ ಗಾಜಿನ ಮೇಲೆ ಚಕ್ಕುಲಿಯಂತೆ ಸುತ್ತಿದ ಮೊಟ್ಟೆಯ ದಾರವನ್ನು ಇಟ್ಟಿತೆಂದು ಪತ್ರ ಬಂತು. ಮರಿಗಳು ಬದುಕಲಿಲ್ಲ.

ಇದೇ ಕುಲದ ಇನ್ನೊಂದು ಜಾತಿಯ ಸುದ್ದಿಯನ್ನು ಹುಡುಗನಿಗೆ ನಾವು ಬರೆದಿದ್ದೆವು. ಜಪಾನಿನ ನಾರಾ ಮಹಿಳಾ ವಿಶ್ವವಿದ್ಯಾಲಯದ ಸಯಾಕ ಮಿತೊ ಮತ್ತು ಯೋಯಿಚಿ ಯೂಸಾ ಅವರು 2021ರಲ್ಲಿ ಪ್ರಕಟಿಸಿದಂತೆ, ಅದು ತನ್ನ ತಲೆಯನ್ನು ತಾನೇ ಮೈಯಿಂದ ಕಳಚಿಕೊಳ್ಳುತ್ತದೆ. ಬರಿಯ ತಲೆಯೇ ಹರಿದಾಡಿ ಪಾಚಿ ತಿನ್ನುತ್ತದೆ, ವಾರದೊಳಗೆ ಹೃದಯ, ಮೂರು ವಾರಗಳಲ್ಲಿ ಇಡೀ ಹೊಸ ಮೈ ಬೆಳೆಯುತ್ತದೆ. ಆದರೆ ಅದು ಎಳೆಯವುಗಳಿಗೆ ಮಾತ್ರ ಸಾಧ್ಯವಾಯಿತು, ವಯಸ್ಸಾದವುಗಳ ತಲೆ ತಿನ್ನದೆ ಹತ್ತು ದಿನಗಳಲ್ಲಿ ಸತ್ತವು. ಹುಡುಗ ಇದನ್ನು ಓದಿ, ‘ನಮ್ಮದಕ್ಕೆ ಎಷ್ಟು ವಯಸ್ಸು?’ ಎಂದು ಕೇಳಿ ಬರೆದನು. ಇವುಗಳಲ್ಲಿ ಬಹಳಷ್ಟರ ಆಯುಸ್ಸೇ ಸುಮಾರು ಒಂದು ವರ್ಷವೆಂದು ಬರೆಯುವುದೋ ಬೇಡವೋ ಎಂದು ನಾವು ಎರಡು ದಿನ ಯೋಚಿಸಿ, ಬರೆದೆವು.

ಅದು ಶಿವರಾತ್ರಿಯ ಮಾರನೆಯ ವಾರ ತೀರಿಕೊಂಡಿತು. ಪಾಚಿಯ ಗೊಂಚಲಿನ ಮೇಲೆಯೇ, ಹಸಿರಾಗಿಯೇ ಇತ್ತಂತೆ. ಅಜ್ಜಿ ಮೊಮ್ಮಗ ಇಬ್ಬರೂ ಸೇರಿ ದಾಸವಾಳದ ಬುಡದಲ್ಲಿ ಹೂತರು. ಇನ್ನೊಂದನ್ನು ತರುತ್ತೇನೆಂದು ಮಗ ಬೆಂಗಳೂರಿನಿಂದ ಫೋನು ಮಾಡಿದಾಗ, ‘ಬೇಡ ಮಗಾ, ಇದ್ದ ಎರಡು ಮೀನ್ನ ನೋಡ್ಕೊಂಡ್ರೆ ಸಾಕು’ ಎಂದರಂತೆ.

ಮೊನ್ನೆ ಬಂದ ಕಾಗದದಲ್ಲಿ ಅವರು ಕೇಳಿರುವುದು ಬೇರೆ. ತೊಟ್ಟಿಯ ಉಪ್ಪು ಇನ್ನೂ ಮೂರು ಕಿಲೋ ಹೆಚ್ಚಿಗೆ ಉಳಿದಿದೆ, ಬಹಳ ಬೆಲೆಯದು, ಉಪ್ಪಿನಕಾಯಿಗೆ ಬಳಸಬಹುದೇ ಎಂದು. ಬಳಸಬಾರದು, ಅದರಲ್ಲಿ ತಿನ್ನುವುದಕ್ಕಲ್ಲದ ಬೇರೆ ಲವಣಗಳೂ ಬೆರೆತಿವೆ, ಕೃಷ್ಣರಾಜಪೇಟೆಯ ಮಗಳ ತೊಟ್ಟಿಗೆ ಕಳಿಸಿಕೊಡಿ ಎಂದು ಉತ್ತರ ಬರೆದಿದ್ದೇವೆ.